ಹಿತ್ತಿಲ ಬಾಗಿಲು: 1996ರ ಪ್ರಿನ್ಸ್‌ಟನ್–ಯುಸಿಎಲ್‌ಎ ಪಂದ್ಯ, ಒಂದು ಪ್ರಕರಣ ಅಧ್ಯಯನ

1996ರ ಮಾರ್ಚ್ 14, ಗುರುವಾರ. ಅಮೆರಿಕದ ಇಂಡಿಯಾನಾಪೊಲಿಸ್‌ನ ಆರ್‌ಸಿಎ ಡೋಮ್. ಸ್ಕೋರು 41-41. ಆಟ ಮುಗಿಯಲು ಇನ್ನು ಕೆಲವೇ ಸೆಕೆಂಡು. ಚೆಂಡು ಪ್ರಿನ್ಸ್‌ಟನ್ ಹುಡುಗರ ಕೈಯಲ್ಲಿದೆ.

ಅವರು ಏನು ಮಾಡಲು ನೋಡುತ್ತಾರೆ ಅನ್ನುವುದು ಎದುರಿಗಿದ್ದ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡಕ್ಕೆ ಗೊತ್ತಿತ್ತು. ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವ ಯಾರಿಗಾದರೂ ಗೊತ್ತಿತ್ತು. ಪ್ರಿನ್ಸ್‌ಟನ್ ವರ್ಷಗಟ್ಟಲೆ ಮಾಡುತ್ತಾ ಬಂದಿದ್ದೇ ಅದನ್ನು, ಗುಟ್ಟೇನೂ ಇರಲಿಲ್ಲ. ಆದರೂ 3.9 ಸೆಕೆಂಡು ಉಳಿದಿರುವಾಗ ಗೇಬ್ ಲೆವುಲಿಸ್ ಅನ್ನುವ ಮೊದಲ ವರ್ಷದ ಹುಡುಗ ತನ್ನನ್ನು ಕಾಯುತ್ತಿದ್ದವನ ಬೆನ್ನ ಹಿಂದಿನಿಂದ ನುಗ್ಗಿ ಲೇ-ಅಪ್ ಹಾಕಿಬಿಟ್ಟ, ಅಂದರೆ ರಿಂಗ್ ಹತ್ತಿರಕ್ಕೇ ಓಡಿ ಚೆಂಡನ್ನು ಒಳಗೆ ಹಾಕಿದ. 43-41. ಹಾಲಿ ಚಾಂಪಿಯನ್ನರು ಮನೆಗೆ ಹೋದರು.

ಗೊತ್ತಿದ್ದೂ ಯಾಕೆ ತಡೆಯಲು ಆಗಲಿಲ್ಲ? ಈ ಪಂದ್ಯವನ್ನು ನಾನು ಎತ್ತಿಕೊಂಡಿರುವುದು ಈ ಒಂದು ಪ್ರಶ್ನೆಗೋಸ್ಕರ. ಸಣ್ಣ ತಂಡ ದೊಡ್ಡ ತಂಡವನ್ನು ಹೊಡೆದ ಕತೆಗಳು ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಯಾರೋ ಒಬ್ಬನಿಗೆ ಆ ದಿನ ಕೈ ಕುದುರಿರುತ್ತದೆ, ಎಸೆದದ್ದೆಲ್ಲ ಒಳಗೆ ಬೀಳುತ್ತದೆ. ಇಲ್ಲಿ ಹಾಗಾಗಲಿಲ್ಲ. ಒಂದು ತಂಡ 40 ನಿಮಿಷ ಆಡಿ 43 ಪಾಯಿಂಟ್ ಮಾಡಿದೆ ಅಂದರೆ ಯಾರ ಕೈಯೂ ಕುದುರಿರಲಿಲ್ಲ ಅಂತಲೇ ಅರ್ಥ.

ಯಾರ ಎದುರು ಯಾರು

ಎನ್‌ಸಿಎಎ ಟೂರ್ನಿ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ತಂಡಗಳು ಆಡುವ ನಾಕೌಟ್ ಇದು. ಆಗ 64 ತಂಡಗಳಿದ್ದವು. ಒಮ್ಮೆ ಸೋತರೆ ಆ ವರ್ಷದ ಕತೆ ಮುಗಿಯಿತು. ತಂಡಗಳನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಯುಸಿಎಲ್‌ಎಗೆ 4, ಪ್ರಿನ್ಸ್‌ಟನ್‌ಗೆ 13.

ಯುಸಿಎಲ್‌ಎ ಅಂದರೆ ಈ ಆಟದ ದೊಡ್ಡ ಮನೆತನ. 1964ರಿಂದ 1975ರ ನಡುವೆ ಜಾನ್ ವುಡನ್ ಕೋಚ್ ಆಗಿದ್ದಾಗ 10 ಪ್ರಶಸ್ತಿ ಗೆದ್ದಿದ್ದರು. 1995ರಲ್ಲಿ ಜಿಮ್ ಹ್ಯಾರಿಕ್ ಕೈಕೆಳಗೆ ಅರ್ಕಾನ್ಸಾ ತಂಡವನ್ನು 89-78ರಲ್ಲಿ ಸೋಲಿಸಿ 11ನೆಯದನ್ನು ತಂದಿದ್ದರು. ಆ ತಂಡದ ಎಡ್ ಒಬ್ಯಾನನ್, ಟೈಯಸ್ ಎಡ್ನಿ ಓದು ಮುಗಿಸಿ ಹೋಗಿದ್ದರು, ನಿಜ. ಆದರೆ ಎಡ್‌ನ ತಮ್ಮ ಚಾರ್ಲ್ಸ್ ಒಬ್ಯಾನನ್ ಇದ್ದ. ಟೋಬಿ ಬೇಲಿ, ಜೆ.ಆರ್. ಹೆಂಡರ್ಸನ್, ಕ್ಯಾಮರಾನ್ ಡಾಲರ್ ಇದ್ದರು. ಓಟ, ಜಿಗಿತ, ಕೈಯುದ್ದ, ಯಾವುದನ್ನು ಅಳೆದರೂ ಪ್ರಿನ್ಸ್‌ಟನ್ ಹುಡುಗರಿಗಿಂತ ಒಂದು ಕೈ ಮೇಲೆ.

ಪ್ರಿನ್ಸ್‌ಟನ್ ಇರುವುದು ಐವಿ ಲೀಗ್‌ನಲ್ಲಿ. ಹಾರ್ವರ್ಡ್, ಯೇಲ್ ಇರುವ ಗುಂಪು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಮೊದಲು ಓದಿನಲ್ಲಿ ಸೀಟು ಸಿಗಬೇಕು. ಹಾಗಾಗಿ ದೇಶದ ಅತ್ಯುತ್ತಮ ಆಟಗಾರರು ಆ ಕಡೆ ಹೋಗುವುದು ಅಪರೂಪ. ಕೋಚ್ ಪೀಟ್ ಕ್ಯಾರಿಲ್ ಈ ಕೊರತೆಯ ಜೊತೆ 29 ವರ್ಷ ಸಂಸಾರ ಮಾಡಿದವರು.

ಕ್ಯಾರಿಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1930ರಲ್ಲಿ, ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಯ ಊರು. ಸ್ಪೇನ್‌ನಿಂದ ವಲಸೆ ಬಂದ ಅಪ್ಪ ಅಲ್ಲೇ ಕೆಲಸಗಾರ. ಕ್ಯಾರಿಲ್ ಕುಳ್ಳಗೆ, ಕೆದರಿದ ಬಿಳಿ ಕೂದಲು, ಸೂಟಿನ ಬದಲು ಸ್ವೆಟರ್. ಬದಿಯಲ್ಲಿ ಕೂತು ಮುಖ ಕಿವುಚಿಕೊಂಡು ಆಟ ನೋಡುತ್ತಿದ್ದರು. ಶ್ರೀಮಂತರ ಕಾಲೇಜಿನಲ್ಲಿ ಕಾರ್ಖಾನೆ ಕೆಲಸಗಾರನ ಮಗ. ಹುಡುಗರ ಮೇಲೆ ಕೂಗಾಡುವುದರಲ್ಲಿ ಯಾವ ಮುಲಾಜೂ ಇರಲಿಲ್ಲ. ಐದೂ ಜನರಿಗೆ ಪಾಸ್ ಮಾಡಲು, ಚೆಂಡು ಕುಟ್ಟಿಕೊಂಡು ಹೋಗಲು, ದೂರದಿಂದ ಹೊಡೆಯಲು ಬರಬೇಕು ಅನ್ನುವುದು ಅವರ ಹಟ. ಉದ್ದವಿದ್ದಾನೆ ಅಂತ ಸೆಂಟರನ್ನು ರಿಂಗ್ ಕೆಳಗೆ ಕಂಬದ ಹಾಗೆ ನಿಲ್ಲಿಸುವ ಪದ್ಧತಿ ಅಲ್ಲಿರಲಿಲ್ಲ.

ಈ ಪಂದ್ಯಕ್ಕೆ ಐದು ದಿನ ಮೊದಲು, ಮಾರ್ಚ್ 9ರಂದು, ಪ್ರಿನ್ಸ್‌ಟನ್ ಮತ್ತು ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ) ತಂಡಗಳು ಲೀಗ್‌ನಲ್ಲಿ ಸಮ ನಿಂತಿದ್ದರಿಂದ ಒಂದು ಪ್ಲೇಆಫ್ ಆಡಿದವು. ಓವರ್‌ಟೈಮ್‌ನಲ್ಲಿ ಪ್ರಿನ್ಸ್‌ಟನ್ 63-56ರಲ್ಲಿ ಗೆದ್ದಿತು. ಹುಡುಗರು ಕುಣಿಯುತ್ತಾ ಡ್ರೆಸ್ಸಿಂಗ್ ರೂಮಿಗೆ ಬಂದರೆ, ಕ್ಯಾರಿಲ್ ಬೋರ್ಡಿನ ಮೇಲೆ ಬರೆದಿದ್ದರು: ನಿವೃತ್ತಿ ಆಗುತ್ತಿದ್ದೇನೆ, ತುಂಬಾ ಖುಷಿಯಾಗಿದ್ದೇನೆ ಅಂತ. ಅಷ್ಟೇ. ಮುಂದಿನ ಕೋಚ್ ಸಹಾಯಕ ಬಿಲ್ ಕಾರ್ಮಡಿ. ಅಂದರೆ ಇನ್ನು ಸೋಲುವ ಪಂದ್ಯವೇ ಕ್ಯಾರಿಲ್‌ರ ಕೊನೆಯ ಪಂದ್ಯ. ಎದುರಿಗೆ ಯುಸಿಎಲ್‌ಎ.

ಬಾಗಿಲು ಎಲ್ಲಿರುತ್ತದೆ

ಪ್ರಿನ್ಸ್‌ಟನ್ ಆಟದ ಬೆನ್ನೆಲುಬಿಗೆ ಇಂಗ್ಲಿಷಿನಲ್ಲಿ ಬ್ಯಾಕ್‌ಡೋರ್ ಕಟ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದು ತಾನಾಗಿಯೇ ಹಿತ್ತಿಲ ಬಾಗಿಲು. ಮನೆಯ ಯಜಮಾನ ಮುಂಬಾಗಿಲಿನಲ್ಲಿ ಕೋಲು ಹಿಡಿದು ನಿಂತಷ್ಟೂ ಹಿತ್ತಿಲು ಖಾಲಿ, ಅಲ್ವಾ? ಇಷ್ಟೇ ತತ್ವ. ಆದರೆ ಇದನ್ನು ಅಂಗಳದಲ್ಲಿ ಮಾಡುವುದು ಬೇರೆ ಮಾತು.

ಒಬ್ಬ ಆಟಗಾರ ಅಂಗಳದ ಪಕ್ಕದಲ್ಲಿ, ಮೂರು ಪಾಯಿಂಟ್ ಗೆರೆಯ (ಅದರಾಚೆಯಿಂದ ಹಾಕಿದರೆ ಎರಡಲ್ಲ, ಮೂರು ಪಾಯಿಂಟ್) ಹತ್ತಿರ ನಿಂತಿದ್ದಾನೆ ಅಂದುಕೊಳ್ಳಿ. ಚೆಂಡು ಮಧ್ಯದಲ್ಲಿ, ಫ್ರೀ ಥ್ರೋ ಗೆರೆಯ ಆಸುಪಾಸಿನಲ್ಲಿ, ಸೆಂಟರ್ ಕೈಯಲ್ಲಿದೆ. ಪಕ್ಕದವನನ್ನು ಕಾಯುವ ಡಿಫೆಂಡರ್‌ಗೆ ಎರಡು ದಾರಿ. ಒಂದು, ಅವನಿಗೂ ಚೆಂಡಿಗೂ ನಡುವೆ ಕೈ ಚಾಚಿ ನಿಂತು ಪಾಸ್ ಬರದಂತೆ ತಡೆಯುವುದು. ಇನ್ನೊಂದು, ನಾಲ್ಕು ಹೆಜ್ಜೆ ಹಿಂದೆ ಸರಿದು ರಿಂಗ್ ಕಾಯುವುದು. ಎರಡನೆಯದನ್ನು ಮಾಡಿದರೆ ಆ ಹುಡುಗ ಆರಾಮಾಗಿ ಪಾಸ್ ತೆಗೆದುಕೊಂಡು ಮೂರು ಪಾಯಿಂಟಿನ ಶಾಟ್ ಹೊಡೆಯುತ್ತಾನೆ. ಪ್ರಿನ್ಸ್‌ಟನ್ ತಂಡದಲ್ಲಿ ಸೆಂಟರ್ ಸೇರಿ ಎಲ್ಲರಿಗೂ ಅದು ಬರುತ್ತದೆ. ಹಾಗಾಗಿ ಡಿಫೆಂಡರ್ ಮುಂದೆ ಬರಲೇಬೇಕು. ಬಂದ ಕ್ಷಣ ಅವನ ಬೆನ್ನ ಹಿಂದೆ ರಿಂಗ್‌ವರೆಗೂ ಬಯಲು. ಆ ಬಯಲಿಗೆ ತಟ್ಟನೆ ನುಗ್ಗುವುದೇ ಕಟ್.

ಬೇರೆ ತಂಡವಾದರೆ ಆ ಬಯಲಿನಲ್ಲಿ ಇನ್ನೊಬ್ಬ ಡಿಫೆಂಡರ್ ಇರುತ್ತಾನೆ. ಅವರ ಸೆಂಟರ್ ಒಳಗಿರುತ್ತಾನೆ, ಅವನನ್ನು ಕಾಯಲು ನಮ್ಮ ಉದ್ದನೆಯವನೂ ಒಳಗಿರುತ್ತಾನೆ. ತಪ್ಪಿಸಿಕೊಂಡು ನುಗ್ಗಿದವನನ್ನು ಅವನು ತಡೆಯುತ್ತಾನೆ. ಕ್ಯಾರಿಲ್ ಮಾಡಿದ್ದು ಇಲ್ಲೇ. ತಮ್ಮ ಸೆಂಟರನ್ನೇ ಹೊರಗೆ ಎಳೆದು ಪಾಸ್ ಮಾಡುವ ಕೆಲಸ ಕೊಟ್ಟರು. ಅವನ ಹಿಂದೆ ಎದುರಾಳಿಯ ಉದ್ದನೆಯವನೂ ಹೊರಗೆ ಬಂದ. ಒಳಗೆ ಯಾರೂ ಇಲ್ಲ. ಆ ವರ್ಷ ಆ ಕೆಲಸ ಮಾಡುತ್ತಿದ್ದವನು ಸ್ಟೀವ್ ಗುಡ್ರಿಚ್, ಎರಡನೇ ವರ್ಷದ ವಿದ್ಯಾರ್ಥಿ. ತಂಡದಲ್ಲೇ ಎತ್ತರದವನು, ಆದರೆ ಕೆಲಸ ಗಾರ್ಡ್‌ನದು, ಅಂದರೆ ಹೊರಗೆ ನಿಂತು ಚೆಂಡು ಹಂಚುವವನದು.

ಇದರಲ್ಲಿ ಕಷ್ಟ ಎಲ್ಲಿದೆ ಅಂದರೆ, ಓಡುವವನು ಮತ್ತು ಪಾಸ್ ಮಾಡುವವನು ಒಂದೇ ಕ್ಷಣದಲ್ಲಿ ಒಂದೇ ವಿಷಯ ನೋಡಬೇಕು. ಇಬ್ಬರೂ ನೋಡುವುದು ಮೂರನೆಯವನನ್ನು, ಅಂದರೆ ಡಿಫೆಂಡರನ್ನು. ಅವನ ಕಾಲು ಎಲ್ಲಿದೆ? ಕತ್ತು ಯಾವ ಕಡೆ ತಿರುಗಿದೆ? ಬಾಯಲ್ಲಿ ಹೇಳಲು, ಸನ್ನೆ ಮಾಡಲು ಸಮಯವಿಲ್ಲ. ನಮ್ಮ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ನಾವೂ ಇದನ್ನು ಮಾಡಲು ಹೋಗಿದ್ದೆವು. ಯಾರದೋ ಕಂಪ್ಯೂಟರಿನಲ್ಲಿ ಕ್ಲಿಪ್ ನೋಡಿ ಬಂದ ಹುರುಪು. ನಾನು ಪಾಸ್ ಕೊಡುವವನು, ಗೆಳೆಯ ಓಡುವವನು. ನಾನು ಕೊಟ್ಟಾಗ ಅವನು ಓಡುತ್ತಿರಲಿಲ್ಲ, ಅವನು ಓಡಿದಾಗ ನಾನು ಕೊಡುತ್ತಿರಲಿಲ್ಲ. ಚೆಂಡು ಕಾಂಪೌಂಡ್ ಪಕ್ಕದ ಮೋರಿಗೆ ಬೀಳುತ್ತಿತ್ತು. ಅದನ್ನು ತೊಳೆದುಕೊಂಡು ಬರುವವನು ನಾನು. ಎರಡು ವಾರ ಒದ್ದಾಡಿ ಬಿಟ್ಟುಬಿಟ್ಟೆವು. ಆಗ ಗೊತ್ತಾಗಿದ್ದು, ಇದನ್ನು ಬೋರ್ಡಿನ ಮೇಲೆ ಬಾಣ ಬರೆದು ಕಲಿಸಲು ಆಗುವುದಿಲ್ಲ ಅಂತ. ಪ್ರಿನ್ಸ್‌ಟನ್‌ನವರು ದಿನಾ ಅಭ್ಯಾಸದಲ್ಲಿ ಇದನ್ನೇ ಅರೆದು ಅರೆದು ಕುಡಿದವರು.

ಈ ಪದ್ಧತಿ ಕ್ಯಾರಿಲ್ ಒಬ್ಬರೇ ಕಂಡುಹಿಡಿದದ್ದಲ್ಲ. ಅವರಿಗಿಂತ ಬಹಳ ಹಿಂದೆ ಪ್ರಿನ್ಸ್‌ಟನ್ ಕೋಚ್ ಆಗಿದ್ದ ಕ್ಯಾಪಿ ಕ್ಯಾಪನ್ ಕಾಲದಿಂದಲೇ ಪಾಸ್ ಮಾಡಿ ಓಡುವ ಆಟ ಅಲ್ಲಿತ್ತು. ಕ್ಯಾರಿಲ್ ಅದನ್ನು ತಿದ್ದಿದರು. 1986-87ರಲ್ಲಿ ಕಾಲೇಜು ಆಟಕ್ಕೆ ಮೂರು ಪಾಯಿಂಟ್ ಗೆರೆ ಬಂದಾಗ ಇವರಿಗೆ ಹಬ್ಬ. ಅಲ್ಲಿಯವರೆಗೆ ಡಿಫೆಂಡರ್ ಹಿಂದೆ ಸರಿದು ನಿಂತರೆ ಅವನಿಗೆ ದೊಡ್ಡ ನಷ್ಟವೇನೂ ಇರಲಿಲ್ಲ, ದೂರದ ಶಾಟಿಗೂ ಎರಡೇ ಪಾಯಿಂಟು. ಗೆರೆ ಬಂದ ಮೇಲೆ ಹಿಂದೆ ಸರಿಯುವುದಕ್ಕೆ ದಂಡ ಜಾಸ್ತಿಯಾಯಿತು. ಅವನು ಮುಂದೆ ಬಂದಷ್ಟೂ ಹಿತ್ತಿಲು ತೆರೆಯಿತು.

ನಿಧಾನದ ಲೆಕ್ಕ

ಪ್ರಿನ್ಸ್‌ಟನ್ ಆಟವನ್ನು ಬೋರು ಅನ್ನುವವರು ಆಗಲೂ ಇದ್ದರು. ನನಗೆ ಬೋರ್ ಅನ್ನಿಸುವುದಿಲ್ಲ, ಆದರೆ ಯಾಕೆ ಹಾಗನ್ನುತ್ತಾರೆ ಅಂತ ಅರ್ಥವಾಗುತ್ತದೆ. ಪಾಸ್, ಕಟ್, ಪಾಸ್, ಕಟ್, ಮತ್ತೆ ಹೊರಗೆ, ಮತ್ತೆ ಪಾಸ್. ಆಗ ಶಾಟ್ ಕ್ಲಾಕ್ 35 ಸೆಕೆಂಡು, ಅಷ್ಟರೊಳಗೆ ರಿಂಗ್ ಕಡೆ ಚೆಂಡು ಎಸೆಯಬೇಕು. ಪ್ರಿನ್ಸ್‌ಟನ್ ಅದರಲ್ಲಿ ಹೆಚ್ಚಿನ ಪಾಲು ತಿಂದುಹಾಕುತ್ತಿತ್ತು.

ನಿಧಾನದ ಹಿಂದೆ ಗಣಿತವಿದೆ. 40 ನಿಮಿಷ ಅಂದರೆ 2400 ಸೆಕೆಂಡು. ಎರಡೂ ತಂಡ ಸರಾಸರಿ 17 ಸೆಕೆಂಡಿಗೊಮ್ಮೆ ಶಾಟ್ ಹೊಡೆದರೆ ಒಬ್ಬೊಬ್ಬರಿಗೆ 70ರಷ್ಟು ಸರದಿ ಸಿಗುತ್ತದೆ. ಸರಾಸರಿಯನ್ನು 24 ಸೆಕೆಂಡಿಗೆ ಎಳೆದರೆ 50. ಸರದಿ ಕಡಿಮೆಯಾದರೆ ಯಾರಿಗೆ ಲಾಭ?

ಒಂದು ನಾಣ್ಯ ಇದೆ ಅಂದುಕೊಳ್ಳಿ, ಸ್ವಲ್ಪ ವಾಲಿದ ನಾಣ್ಯ. ಪ್ರತಿ ಸಲ ಚಿಮ್ಮಿದಾಗ ದುರ್ಬಲನಿಗೆ 45 ಭಾಗ, ಬಲಶಾಲಿಗೆ 55 ಭಾಗ ಅವಕಾಶ. ಐದೇ ಸಲ ಚಿಮ್ಮಿದರೆ ದುರ್ಬಲ ಗೆಲ್ಲುವ ಅವಕಾಶ ನೂರಕ್ಕೆ 41ರಷ್ಟು. 25 ಸಲ ಚಿಮ್ಮಿದರೆ 31ಕ್ಕೆ ಇಳಿಯುತ್ತದೆ. 101 ಸಲ ಚಿಮ್ಮಿದರೆ ಬರೀ 16. ಇದು ಆ ಪಂದ್ಯದ ಅಂಕಿಅಂಶವಲ್ಲ, ಸುಮ್ನೆ ಕಾಗದದ ಮೇಲಿನ ಲೆಕ್ಕ. ಆಟ ಉದ್ದವಾದಷ್ಟೂ ಬಲಶಾಲಿಯ ಬಲ ಮೇಲೆ ಬರುತ್ತದೆ. ಚಿಕ್ಕದಾದಷ್ಟೂ ಅದೃಷ್ಟಕ್ಕೆ ಜಾಗ ಸಿಗುತ್ತದೆ. ಕ್ಯಾರಿಲ್ ಗಡಿಯಾರ ನಿಲ್ಲಿಸಲಾರರು, ಆದರೆ ಚಿಮ್ಮುವ ಸಲಗಳನ್ನು ಕಡಿಮೆ ಮಾಡಬಲ್ಲವರಾಗಿದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸುಮ್ಮನೆ ಚೆಂಡು ಹಿಡಿದುಕೊಂಡು ಸಮಯ ತಳ್ಳುವುದೇ ಪ್ರಿನ್ಸ್‌ಟನ್ ತಂತ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಮಯ ತಳ್ಳುವ ಆಟ ಬೇರೆಯೇ ಇತ್ತು. 1982ರಲ್ಲಿ ನಾರ್ತ್ ಕ್ಯಾರೊಲಿನಾ ತಂಡ ವರ್ಜೀನಿಯಾವನ್ನು 47-45ರಲ್ಲಿ ಸೋಲಿಸಿದ್ದು ಹಾಗೆ. ಆಗ ಶಾಟ್ ಕ್ಲಾಕ್ ಇರಲಿಲ್ಲ, ನಾಲ್ಕು ಮೂಲೆಗೆ ಜನ ನಿಲ್ಲಿಸಿ ನಿಮಿಷಗಟ್ಟಲೆ ಚೆಂಡು ಆಡಿಸಿದರು. ನೋಡುವವರಿಗೆ ಸಾಕುಸಾಕಾಯಿತು. 1985-86ರಲ್ಲಿ 45 ಸೆಕೆಂಡಿನ ಕ್ಲಾಕ್ ಬಂತು, 1993-94ರಲ್ಲಿ ಅದು 35ಕ್ಕೆ ಇಳಿಯಿತು. ಪಂದ್ಯವನ್ನು ಹಿಡಿದು ಕೂರುವ ಆಟಕ್ಕೆ ಅಲ್ಲಿಗೆ ಜಾಗ ಹೋಯಿತು. ಪ್ರಿನ್ಸ್‌ಟನ್ ಆಟ ಉಳಿಯಿತು. ಯಾಕೆಂದರೆ ಅವರು ತಡಮಾಡುತ್ತಿದ್ದದ್ದು ಸಮಯ ಕಳೆಯಲು ಮಾತ್ರ ಅಲ್ಲ, ಡಿಫೆಂಡರ್ ಒಬ್ಬ ಎಲ್ಲಾದರೂ ತಪ್ಪು ಹೆಜ್ಜೆ ಇಡಲಿ ಅಂತ. 30 ಸೆಕೆಂಡು ಮೈಯೆಲ್ಲ ಕಣ್ಣಾಗಿ ಕಾಯುವುದು ತುಂಬಾ ಕಷ್ಟ. ಜಿಗಿಯಬಲ್ಲ, ಓಡಬಲ್ಲ 20 ವರ್ಷದ ಹುಡುಗರಿಗಂತೂ ಇನ್ನೂ ಕಷ್ಟ.

ಇದಕ್ಕೆ ಜೊತೆಯಾಗಿ ಇನ್ನೊಂದು ಕಟ್ಟುನಿಟ್ಟು ಇತ್ತು. ತಮ್ಮ ಶಾಟ್ ತಪ್ಪಿದರೆ ರೀಬೌಂಡಿಗೆ, ಅಂದರೆ ಪುಟಿದು ಬಂದ ಚೆಂಡಿಗೆ, ಮುಗಿಬೀಳದೆ ಎಲ್ಲರೂ ವಾಪಸ್ ಓಡಿ ರಕ್ಷಣೆಗೆ ನಿಲ್ಲುವುದು. ಯುಸಿಎಲ್‌ಎ ಥರದ ತಂಡಗಳು ಬದುಕುವುದೇ ಓಡಿ ಹೊಡೆಯುವ ಸುಲಭದ ಬ್ಯಾಸ್ಕೆಟ್‌ಗಳ ಮೇಲೆ. ಅದನ್ನು ಕಿತ್ತುಕೊಂಡರೆ ಅವರೂ ನಿಂತು, ಯೋಚಿಸಿ ಆಡಬೇಕಾಗುತ್ತದೆ. ಯುಸಿಎಲ್‌ಎ 41ಕ್ಕೆ ನಿಂತದ್ದರ ಹಿಂದೆ ಇದೂ ಇದೆ.

ಈ ಲೆಕ್ಕ ಒಂದು ಸಲ ಹೆಚ್ಚುಕಡಿಮೆ ಕೈಗೆ ಬಂದಿತ್ತು. 1989ರಲ್ಲಿ ಪ್ರಿನ್ಸ್‌ಟನ್ 16ನೇ ಶ್ರೇಯಾಂಕದ ತಂಡವಾಗಿ ನಂಬರ್ ಒನ್ ಜಾರ್ಜ್‌ಟೌನ್ ಎದುರು ಆಡಿತ್ತು. ಅರ್ಧ ಸಮಯಕ್ಕೆ 29-21 ಮುಂದೆ. ಕೊನೆಗೆ 50-49ರಲ್ಲಿ ಸೋಲು. ಕೊನೆಯ ಗಳಿಗೆಯಲ್ಲಿ ಅಲೊಂಜೊ ಮೋರ್ನಿಂಗ್ ಅನ್ನುವ ಆಜಾನುಬಾಹು ಅವರ ಶಾಟ್‌ಗಳಿಗೆ ಅಡ್ಡ ನಿಂತ. ಮುಂದಿನ ವರ್ಷ ಅರ್ಕಾನ್ಸಾ ಎದುರು 68-64ರಲ್ಲಿ ಸೋಲು. 1991ರಲ್ಲಿ ವಿಲನೋವಾ ಎದುರು 50-48ರಲ್ಲಿ. ಕ್ಯಾರಿಲ್ ಅಂದರೆ ದೊಡ್ಡವರನ್ನು ಬೆವರಿಳಿಸಿ ಕೊನೆಗೆ ಸೋಲುವವರು ಅನ್ನುವ ಹೆಸರು ಬಂದುಬಿಟ್ಟಿತ್ತು.

ಕೊನೆಯ ಆರು ನಿಮಿಷ

ಇಂಡಿಯಾನಾಪೊಲಿಸ್‌ಗೆ ವಾಪಸ್ ಬರೋಣ. ಆಟ ಮುಗಿಯಲು ಆರು ನಿಮಿಷ ಚಿಲ್ಲರೆ ಇದ್ದಾಗ ಯುಸಿಎಲ್‌ಎ 41-34 ಮುಂದಿತ್ತು. ಬೇರೆ ಪಂದ್ಯದಲ್ಲಿ ಏಳು ಪಾಯಿಂಟ್ ಏನೂ ಅಲ್ಲ. ಒಂದೊಂದು ಬ್ಯಾಸ್ಕೆಟ್ಟಿಗೂ ಹೆಣಗಾಡುವ ಈ ಪಂದ್ಯದಲ್ಲಿ ಅದು ಬೆಟ್ಟ. ಹಳೇ ಕತೆಯೇ ಮತ್ತೆ ಅಂತ ನೋಡುವವರು ಎದ್ದು ಹೋಗುವ ಹೊತ್ತು.

ಅಲ್ಲಿಂದಾಚೆ ಯುಸಿಎಲ್‌ಎ ಒಂದು ಪಾಯಿಂಟೂ ಮಾಡಲಿಲ್ಲ.

ನನಗೆ ಲೇ-ಅಪ್‌ಗಿಂತ ಈ ಭಾಗವೇ ಹೆಚ್ಚು ರುಚಿ. ಹಾಲಿ ಚಾಂಪಿಯನ್ ತಂಡ ಆರು ನಿಮಿಷ ಬರಿಗೈಯಲ್ಲಿ ನಿಂತಿತು. ಒಮ್ಮೆ ಯೋಚಿಸಿ: ಅರ್ಧ ನಿಮಿಷ ರಕ್ಷಣೆ ಮಾಡಬೇಕು, ಆಮೇಲೆ ಚೆಂಡು ಸಿಕ್ಕಾಗ ಎದುರಿಗೆ ಐವರೂ ತಯಾರಾಗಿ ನಿಂತಿರುತ್ತಾರೆ. ಒಂದು ಶಾಟ್ ತಪ್ಪಿದರೆ ಮತ್ತೆ ಅರ್ಧ ನಿಮಿಷ ಕಾಯಬೇಕು. ಸರದಿ ಅಪರೂಪವಾದಾಗ ಪ್ರತಿ ಶಾಟ್ ಭಾರವಾಗುತ್ತದೆ. ಕೈ ಬಿಗಿಯುತ್ತದೆ. ಗೆಲ್ಲಬೇಕಾದ ತಂಡಕ್ಕೇ ಆ ಭಾರ ಜಾಸ್ತಿ. ಪ್ರಿನ್ಸ್‌ಟನ್‌ಗಾದರೋ ವರ್ಷವಿಡೀ ಇದೇ ಅಭ್ಯಾಸ. 41-34ರಲ್ಲೂ ಅವರು ಗಾಬರಿಯಿಂದ ಆಟದ ವೇಗ ಏರಿಸಲಿಲ್ಲ. ಅದೇ ಪಾಸ್, ಅದೇ ಕಟ್. ಏಳು ಪಾಯಿಂಟ್ ಸಾಲ ತೀರಿ 41-41 ಆಯಿತು.

ಕೊನೆಗೆ ಚೆಂಡು ಪ್ರಿನ್ಸ್‌ಟನ್ ಕೈಗೆ ಬಂತು. ಈಗ ಆ ಆಟವನ್ನು ಹತ್ತಿರದಿಂದ ನೋಡೋಣ. ನಾನು ಆ ಕ್ಲಿಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೀವು ನೋಡುವುದಾದರೆ ಚೆಂಡು ನೋಡಬೇಡಿ. ಒಬ್ಯಾನನ್‌ನ ಕಾಲು ನೋಡಿ.

ಗುಡ್ರಿಚ್ ಹೊರಗೆ ಚೆಂಡು ಹಿಡಿದು ನಿಂತಿದ್ದಾನೆ. ಅವನನ್ನು ಕಾಯುವವನೂ ಅವನ ಜೊತೆ ಹೊರಗೆ. ರಿಂಗ್ ಕೆಳಗೆ ಯಾರೂ ಇಲ್ಲ. ಪಕ್ಕದಲ್ಲಿ ಲೆವುಲಿಸ್, ಅವನ ಮೇಲೆ ಚಾರ್ಲ್ಸ್ ಒಬ್ಯಾನನ್. ಒಬ್ಯಾನನ್ ತಂಡದ ಒಳ್ಳೆಯ ಆಟಗಾರರಲ್ಲಿ ಒಬ್ಬ, ಚಾಂಪಿಯನ್‌ಶಿಪ್ ಗೆದ್ದವನು. ಲೆವುಲಿಸ್ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಿಂದ ಬಂದು ವರ್ಷವೂ ತುಂಬದ ಹುಡುಗ.

ಲೆವುಲಿಸ್ ಪಾಸ್ ಬೇಕು ಅನ್ನುವವನ ಹಾಗೆ ಹೊರಗೆ ಬರುತ್ತಾನೆ. ಒಬ್ಯಾನನ್‌ಗೆ ಇಲ್ಲಿ ಒಂದು ಕ್ಷಣದ ತೀರ್ಮಾನ. ಪಾಸ್ ಹೋಗಲು ಬಿಟ್ಟು ರಿಂಗ್ ಕಾಯಬಹುದು. ಆದರೆ ಸ್ಕೋರ್ ಸಮ ಇರುವಾಗ ಗೆರೆಯಾಚೆಗಿನ ಶಾಟ್ ಬಿದ್ದರೂ ಸೋಲೇ. ಅಷ್ಟು ಹೊತ್ತಿನಿಂದ ಪ್ರಿನ್ಸ್‌ಟನ್ ದೂರದಿಂದ ಹೊಡೆಯುತ್ತಲೇ ಬಂದಿದೆ, ಅದು ಅವನ ತಲೆಯಲ್ಲಿದೆ. ಮೇಲಾಗಿ ಅವನು ಕಲಿತಿರುವುದು ಒತ್ತಿ ಆಡುವ ಡಿಫೆನ್ಸ್. ಒಳ್ಳೆಯ ಡಿಫೆಂಡರ್ ಪಾಸ್ ಬರುವ ದಾರಿಗೆ ಕೈ ಹಾಕುತ್ತಾನೆ. ಅವನೂ ಮುಂದಕ್ಕೆ ವಾಲಿದ. ಒಂದೇ ಹೆಜ್ಜೆ.

ಲೆವುಲಿಸ್‌ನ ಹೊರಗಾಲು ನೆಲಕ್ಕೆ ಊರಿತು, ದೇಹ ತಿರುಗಿತು, ಅವನು ಒಬ್ಯಾನನ್‌ನ ಬೆನ್ನ ಹಿಂದೆ ಹೋಗಿಯಾಗಿತ್ತು. ಗುಡ್ರಿಚ್ ಅದೇ ಹೆಜ್ಜೆಯನ್ನು ನೋಡುತ್ತಿದ್ದ. ನೆಲಕ್ಕೆ ಒಂದು ಪುಟ ಹಾಕಿಸಿ ಕೊಟ್ಟ ಪಾಸ್ ಓಡುತ್ತಿದ್ದವನ ಕೈಗೇ ಹೋಯಿತು. ಬೋರ್ಡಿಗೆ ತಾಗಿಸಿ ಒಳಗೆ. ಒಬ್ಯಾನನ್ ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ಸಹಾಯಕ್ಕೆ ಬರಲು ಒಳಗೆ ಇನ್ನೊಬ್ಬ ಇರಲೇ ಇಲ್ಲ.

ಒಬ್ಯಾನನ್ ತಪ್ಪು ಮಾಡಿದನಾ? ಈ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು, ಅರ್ಧ ಇಲ್ಲ. ಉಳಿದಿರುವ ಸಮಯ ನೋಡಿದರೆ ಅವನು ರಿಂಗ್ ಮತ್ತು ಲೆವುಲಿಸ್ ನಡುವೆ ಗಟ್ಟಿಯಾಗಿ ನಿಲ್ಲಬೇಕಿತ್ತು. ಮೊದಲ ವರ್ಷದ ಹುಡುಗ ಒತ್ತಡದಲ್ಲಿ ದೂರದ ಶಾಟ್ ಹೊಡೆಯಲಿ, ಹತ್ತರಲ್ಲಿ ಆರು ಸಲ ತಪ್ಪುತ್ತದೆ ಅನ್ನುವ ಧೈರ್ಯ ಮಾಡಬೇಕಿತ್ತು. ಕುರ್ಚಿಯಲ್ಲಿ ಕೂತು ಹೀಗೆ ಹೇಳುವುದು ಸುಲಭ ಬಿಡಿ. ಅವನು ಅಂಗಳದಲ್ಲಿ 39 ನಿಮಿಷ ಇದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಬಂದಿದ್ದ. ಮುಂದೆ ಬರಲಾ, ಹಿಂದೆ ನಿಲ್ಲಲಾ? ಮುಂದೆ ಬರಲಾ, ಹಿಂದೆ ನಿಲ್ಲಲಾ? ಪ್ರಿನ್ಸ್‌ಟನ್ ಒಂದು ಸರದಿಯಲ್ಲೇ ಈ ಪ್ರಶ್ನೆಯನ್ನು ನಾಲ್ಕೈದು ಸಲ ಕೇಳುತ್ತದೆ. ಪ್ರತಿ ಸಲ ಸರಿ ಉತ್ತರ ಬೇರೆ. ಆಟ ಗೊತ್ತಿರುವುದು ಬೇರೆ, ಅದು ಈಗ, ಈ ಕ್ಷಣ ಬರುತ್ತದೆ ಅಂತ ಗೊತ್ತಿರುವುದು ಬೇರೆ. ಯುಸಿಎಲ್‌ಎಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಎರಡನೆಯದು ಪ್ರಿನ್ಸ್‌ಟನ್‌ಗೂ ಗೊತ್ತಿರಲಿಲ್ಲ. ಒಬ್ಯಾನನ್ ಹಿಂದೆ ನಿಂತಿದ್ದರೆ ಗುಡ್ರಿಚ್ ಹೊರಗೇ ಪಾಸ್ ಕೊಟ್ಟು ಬೇರೇನೋ ಮಾಡುತ್ತಿದ್ದ. ಯಾವ ಆಟ ಆಡಬೇಕು ಅಂತ ಆರಿಸಿದವನು ಒಂದರ್ಥದಲ್ಲಿ ಒಬ್ಯಾನನ್‌ನೇ.

ಕೊನೆಯ ನಾಲ್ಕು ಸೆಕೆಂಡಿನಲ್ಲಿ ಯುಸಿಎಲ್‌ಎಗೆ ಒಂದು ಅವಕಾಶ ಸಿಕ್ಕಿತು. ಟೋಬಿ ಬೇಲಿ ಹೊಡೆದ ಶಾಟ್ ಬೀಳಲಿಲ್ಲ. ಪ್ರಿನ್ಸ್‌ಟನ್ ಗಾರ್ಡ್ ಮಿಚ್ ಹೆಂಡರ್ಸನ್ ಎರಡೂ ಕಾಲು ಮಡಚಿ ಮೇಲಕ್ಕೆ ಜಿಗಿದ. ಆ ಫೋಟೊ ಇವತ್ತಿಗೂ ಓಡಾಡುತ್ತಿದೆ.

ಶನಿವಾರ, ಮತ್ತೆ ಆಮೇಲೆ

ಎರಡು ದಿನ ಕಳೆದು ಮಾರ್ಚ್ 16ರ ಶನಿವಾರ ಮಿಸಿಸಿಪ್ಪಿ ಸ್ಟೇಟ್ ತಂಡ ಪ್ರಿನ್ಸ್‌ಟನ್ ಅನ್ನು 63-41ರಲ್ಲಿ ಹೊಡೆದುಹಾಕಿತು. ಕ್ಯಾರಿಲ್‌ರ ಕೊನೆಯ ಕಾಲೇಜು ಪಂದ್ಯ ಅದು. ಈ ಪಂದ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗುರುವಾರ 43, ಶನಿವಾರ 41. ಪ್ರಿನ್ಸ್‌ಟನ್ ಮಾಡಿದ ಪಾಯಿಂಟ್‌ನಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ ನೋಡಿ. ಬದಲಾದದ್ದು ಎದುರಾಳಿಯ ಅಂಕಿ. ಕಡಿಮೆ ಸರದಿಯ ಆಟ ದುರ್ಬಲನಿಗೆ ಅವಕಾಶ ಕೊಡುತ್ತದೆ, ಗೆಲುವು ಕೊಡುವುದಿಲ್ಲ. ಎದುರಾಳಿ ಸಿಕ್ಕ ಸರದಿಯಲ್ಲೆಲ್ಲ ಹಾಕುತ್ತಾ ಹೋದರೆ, ಹಿಂದೆ ಬಿದ್ದ ನಿಧಾನದ ತಂಡಕ್ಕೆ ಅಟ್ಟಿಸಿಕೊಂಡು ಹೋಗುವ ದಾರಿ ಕಷ್ಟ. ಮಿಸಿಸಿಪ್ಪಿ ಸ್ಟೇಟ್ ಸಾಮಾನ್ಯ ತಂಡವೂ ಆಗಿರಲಿಲ್ಲ. ಆ ವರ್ಷ ಕೊನೆಯ ನಾಲ್ಕರವರೆಗೆ ಹೋಯಿತು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಇದು ದುರ್ಬಲರ ತಂತ್ರ ಮಾತ್ರವಾ? ಎರಡು ವರ್ಷ ಬಿಟ್ಟು, 1997-98ರಲ್ಲಿ, ಗುಡ್ರಿಚ್, ಹೆಂಡರ್ಸನ್, ಲೆವುಲಿಸ್ ಎಲ್ಲ ಪಳಗಿದ ಮೇಲೆ, ಕಾರ್ಮಡಿ ಕೈಕೆಳಗೆ ಅದೇ ಆಟ ಆಡಿ 27 ಪಂದ್ಯ ಗೆದ್ದು ಎರಡೇ ಸೋತರು. ಆ ಸಲ ಶ್ರೇಯಾಂಕ 13 ಅಲ್ಲ, 5. ಕ್ಯಾರಿಲ್ ಅಷ್ಟು ಹೊತ್ತಿಗೆ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ತಂಡ ಸ್ಯಾಕ್ರಮೆಂಟೊ ಕಿಂಗ್ಸ್‌ನಲ್ಲಿ ಸಹಾಯಕ ಕೋಚ್. ಮುಂದೆ ಅಲ್ಲಿ ವ್ಲಾಡೆ ಡಿವಾಕ್, ಕ್ರಿಸ್ ವೆಬರ್ ಥರದ ಎತ್ತರದವರು ಹೊರಗೆ ನಿಂತು ಪಾಸ್ ಮಾಡುವ ಆಟಕ್ಕೆ ಎನ್‌ಬಿಎ ಪ್ರೇಕ್ಷಕರು ಮರುಳಾದರು. ಅದನ್ನು ಯಾರೂ ಬೋರು ಅನ್ನಲಿಲ್ಲ. ಗಡಿಯಾರ 24 ಸೆಕೆಂಡಿನದು, ಬಾಗಿಲು ಅದೇ.

ಒಂದು ತಮಾಷೆಯೂ ಇದೆ. 1989ರಲ್ಲಿ ಕ್ಯಾರಿಲ್‌ರಿಂದ ಒಂದು ಪಾಯಿಂಟ್ ಅಂತರದಲ್ಲಿ ಪಾರಾದ ಜಾರ್ಜ್‌ಟೌನ್ ಕೋಚ್ ಜಾನ್ ಥಾಂಪ್ಸನ್. ಅವರ ಮಗ, ಜಾನ್ ಥಾಂಪ್ಸನ್ III, ಕ್ಯಾರಿಲ್ ಹತ್ತಿರವೇ ಆಡಿ ಕಲಿತವರು. 1996ರ ಆ ರಾತ್ರಿ ಪ್ರಿನ್ಸ್‌ಟನ್‌ನ ಸಹಾಯಕ ಕೋಚ್‌ಗಳಲ್ಲಿ ಒಬ್ಬರು. ಮುಂದೆ ಅಪ್ಪನ ಜಾರ್ಜ್‌ಟೌನ್‌ಗೇ ಕೋಚ್ ಆಗಿ ಹೋಗಿ, ಈ ಆಟವನ್ನೇ ಕಲಿಸಿ, 2007ರಲ್ಲಿ ಕೊನೆಯ ನಾಲ್ಕರವರೆಗೆ ತಂಡವನ್ನು ತಂದರು.

ಲೆವುಲಿಸ್ ಈಗ ಮೂಳೆ ಡಾಕ್ಟರ್. ಕ್ಯಾರಿಲ್ 2022ರ ಆಗಸ್ಟ್‌ನಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಏಳು ತಿಂಗಳ ನಂತರ, 2023ರ ಮಾರ್ಚ್‌ನಲ್ಲಿ, ಪ್ರಿನ್ಸ್‌ಟನ್ 15ನೇ ಶ್ರೇಯಾಂಕದ ತಂಡವಾಗಿ 2ನೇ ಶ್ರೇಯಾಂಕದ ಅರಿಜೋನಾ ಎದುರು ಆಡಿತು. ಪಂದ್ಯ ಕ್ಯಾರಿಲ್ ವರ್ಷಗಟ್ಟಲೆ ಕೆಲಸ ಮಾಡಿದ ಸ್ಯಾಕ್ರಮೆಂಟೊದಲ್ಲೇ. ಕೊನೆಯ ನಿಮಿಷಗಳಿಗೆ ಬಂದಾಗ ಅರಿಜೋನಾ 55-50 ಮುಂದಿತ್ತು. ಅಲ್ಲಿಂದಾಚೆ ಅರಿಜೋನಾ ಒಂದು ಪಾಯಿಂಟೂ ಮಾಡಲಿಲ್ಲ. ಪ್ರಿನ್ಸ್‌ಟನ್ ಒಂಬತ್ತು ಮಾಡಿತು, ಯುಸಿಎಲ್‌ಎ ಎದುರು ಮಾಡಿದಷ್ಟೇ. 59-55. ಬದಿಯಲ್ಲಿ ಕೋಚ್ ಆಗಿ ನಿಂತಿದ್ದವರು ಮಿಚ್ ಹೆಂಡರ್ಸನ್.